ಮೂರನೇ ಪುಟದ ಟೈಪಕ್ಕ

ಬೆಳಗಿನ ಐದೂ ನಲವತ್ತು. ಬೀದಿ ದೀಪ ಇನ್ನೂ ಆರಿಲ್ಲ. ಮೂರು ಮಹಡಿಯ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ, ನೀರಿನ ಮೀಟರುಗಳ ಪಕ್ಕದಲ್ಲಿ, ನೆಟ್ಟಗೆ ನಿಂತರೆ ತಲೆಗೆ ಸಿಮೆಂಟು ಬಡಿಯುವ ಜಾಗದಲ್ಲಿ ಒಬ್ಬ ಹೆಂಗಸು ಮಡಚುವ ಮೇಜನ್ನು ಬಿಡಿಸುತ್ತಿದ್ದಾರೆ. ಮೇಜಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ನಾಲ್ಕು ಮಡಿಕೆಯ ರಟ್ಟು ಸೇರಿಸಿ, ಅಂಗೈಯಿಂದ ಒತ್ತಿ ನೋಡುತ್ತಾರೆ. ಅಲುಗಾಡುವುದಿಲ್ಲ. ಆಮೇಲೆ ಚೀಲದಿಂದ ಭೂತಗನ್ನಡಿ, ಸ್ಕೇಲು, ರಫ್ ಪುಸ್ತಕ, ಕೊನೆಗೆ ಬಿಸ್ಕತ್ತಿನ ಹಳೇ ಡಬ್ಬಿ ಹೊರಗೆ ಬರುತ್ತವೆ. ಡಬ್ಬಿಯನ್ನು ಮೇಜಿನ ಬಲತುದಿಗೆ ಇಟ್ಟರೆ ಅಂಗಡಿ ತೆರೆದಂತೆ.

ಅಂಗಡಿ ಅಂದೆನಲ್ಲ, ಅಲ್ಲಿ ಮಾರುವ ಸಾಮಾನು ಒಂದೂ ಇಲ್ಲ. ಇಲ್ಲಿ ಸಿಗುವುದು ಪದಗಳ ಅರ್ಥ. ಅಸಲು, ಬಡ್ಡಿ, ವಹಿವಾಟು, ಲಾಭ, ಸವಕಳಿ, ಅಡಮಾನ, ಜಾಮೀನು. ಕೂಲಿ ಮಾಡುವವರು, ತಳ್ಳುಗಾಡಿಯವರು, ಚಿಕ್ಕಪುಟ್ಟ ಅಂಗಡಿ ಇಟ್ಟವರು ಹಿಂದಿನ ದಿನ ಸಾಲದ ಆಫೀಸಿನಿಂದ ಕಾಗದ ತಂದಿರುತ್ತಾರೆ. ಸಹಿ ಹಾಕುವ ಮೊದಲು, ತಮ್ಮ ಕೆಲಸ ಶುರುವಾಗುವ ಮೊದಲು, ಇಲ್ಲಿಗೆ ಬಂದು ಕೂರುತ್ತಾರೆ. ಆಫೀಸು ಇದೇ ಕಟ್ಟಡದ ಮೊದಲನೇ ಮಹಡಿಯಲ್ಲಿದೆ. ಹದಿನಾರು ಮೆಟ್ಟಿಲು ಹತ್ತಿದರೆ ಸಾಲ, ಕೆಳಗೆ ಅದರ ಅರ್ಥ.

ಎಲ್ಲರೂ ಇವರನ್ನು ಟೈಪಕ್ಕ ಎನ್ನುತ್ತಾರೆ. ವಯಸ್ಸು ಅರವತ್ತಮೂರು. ಮೂವತ್ತಮೂರು ವರ್ಷ ಟೈಪಿಸ್ಟ್ ಆಗಿದ್ದವರು. ಈಗಲೂ ಮಾತು ಕೇಳಿಸಿಕೊಳ್ಳುವಾಗ ಬೆರಳುಗಳು ಮೇಜಿನ ಮೇಲೆ ತಮ್ಮಷ್ಟಕ್ಕೆ ಕುಣಿಯುತ್ತಿರುತ್ತವೆ.

ನಾನು ಹೋದ ದಿನ ಮೇಜು ಬಿಡಿಸುವ ಮೊದಲೇ ಒಬ್ಬರು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ಐವತ್ತೆರಡು ವರ್ಷದ ಇಸ್ತ್ರಿಯಮ್ಮ. ಎರಡು ಬೀದಿ ಆಚೆ, ಇಪ್ಪತ್ತಾರು ವರ್ಷದಿಂದ ಊರವರ ಅಂಗಿಗಳ ಸುಕ್ಕು ತೆಗೆಯುತ್ತಿರುವವರು. ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಹದಿಮೂರು ಪುಟದ ಕಾಗದ. ಅಳಿಯ ಸಾಮಾನು ಸಾಗಿಸುವ ವ್ಯಾನು ತೆಗೆದುಕೊಳ್ಳುತ್ತಾನೆ. ಆರು ಲಕ್ಷದ ಸಾಲ, ಐದು ವರ್ಷ. ಜಾಮೀನು ಅತ್ತೆಯದು. ಇಪ್ಪತ್ತಾರು ವರ್ಷದ ಇಸ್ತ್ರಿಯಿಂದ ಕಟ್ಟಿದ ಎರಡು ಕೋಣೆಯ ಮನೆ ಆಕೆಯ ಹೆಸರಿನಲ್ಲಿದೆ, ಬೇರೇನೂ ಇಲ್ಲ. ಇವತ್ತು ಹತ್ತು ಗಂಟೆಗೆ ಮೇಲೆ ಹೋಗಿ ಸಹಿ ಹಾಕಬೇಕು.

"ಮೂರನೇ ದಿನ ಬರ್ತಿದೀನಿ," ಎಂದರು ಇಸ್ತ್ರಿಯಮ್ಮ ನನಗೆ. "ಎರಡು ದಿನ ತಿರುಗಿಸಿ ಹೇಳಕ್ಕೆ ಆಗ್ಲಿಲ್ಲ. ಪೆನ್ನು ವಾಪಸ್ ಕೊಡ್ಲಿಲ್ಲ ಈ ಯಮ್ಮ."

ಪೆನ್ನಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿಯ ಕೆಲಸವೆಲ್ಲ ಅದರ ಮೇಲೇ ನಿಂತಿದೆ. ಬಂದವರು ಮೊದಲು ತಮ್ಮ ಪೆನ್ನನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಟೈಪಕ್ಕ ಅರ್ಥ ಹೇಳುತ್ತಾರೆ. ಆಮೇಲೆ ಬಂದವರು ಅದೇ ಅರ್ಥವನ್ನು ತಮ್ಮ ಕಸುಬಿನ ಮಾತಿನಲ್ಲಿ ತಿರುಗಿಸಿ ಹೇಳಬೇಕು. ಟೈಪಕ್ಕ ಹೇಳಿದ್ದನ್ನೇ ಗಿಳಿಯ ಹಾಗೆ ಒಪ್ಪಿಸಿದರೆ ನಡೆಯುವುದಿಲ್ಲ. ಸರಿಯಾಗಿ ಹೇಳಿದರೆ ಪೆನ್ನು ವಾಪಸ್, ಇಲ್ಲದಿದ್ದರೆ ನಾಳೆ ಬನ್ನಿ. ಇಸ್ತ್ರಿಯಮ್ಮ ಸಹಿಗೆಂದೇ ಹೊಸದಾಗಿ ಕೊಂಡ ನೀಲಿ ಪೆನ್ನು ಎರಡು ರಾತ್ರಿ ಡಬ್ಬಿಯಲ್ಲೇ ಮಲಗಿತ್ತು.

"ಇನ್ನೊಂದು ಪೆನ್ನು ತಗೊಂಡು ಸಹಿ ಹಾಕಬಹುದಲ್ಲ?" ಎಂದು ನಾನು ಕೇಳಿದೆ. ಪತ್ರಕರ್ತನ ಜಾಣತನ.

ಟೈಪಕ್ಕ ಕನ್ನಡಕದ ಮೇಲಿಂದ ನೋಡಿದರು. "ಹಾಕಬಹುದು. ಮೇಲೆ ಆಫೀಸಲ್ಲಿ ದಾರ ಕಟ್ಟಿದ ಪೆನ್ನು ಇದೆ, ಬಿಟ್ಟಿ. ಆದ್ರೆ ಪೆನ್ನು ಇಲ್ಲಿದೆ ಅಂತ ನೆನಪಾಗುತ್ತಲ್ಲ, ಅಷ್ಟು ಸಾಕು ನನಗೆ."

ಇಸ್ತ್ರಿಯಮ್ಮ ತಮ್ಮ ಸರದಿಯನ್ನು ತಾವೇ ಹಿಂದಕ್ಕೆ ಹಾಕಿಕೊಂಡರು. ಮೊದಲು ಬೇರೆಯವರು ಮುಗಿಸಲಿ, ನಾನು ಕೇಳಿಸಿಕೊಂಡು ಕೂತಿರುತ್ತೇನೆ ಅಂದರು. ಭಯಕ್ಕೆ ಸರದಿ ಬಿಟ್ಟುಕೊಡುವುದು ನನಗೆ ಗೊತ್ತು, ಹಲ್ಲಿನ ಡಾಕ್ಟರ ಹತ್ತಿರ ನಾನೂ ಅದನ್ನೇ ಮಾಡುತ್ತೇನೆ.

ಆರು ಗಂಟೆಗೆ ಬ್ರೆಡ್ಡಿನವರು ಬರುತ್ತಾರೆ. ಸೈಕಲ್ಲಿನ ಹಿಂದೆ ದೊಡ್ಡ ಪೆಟ್ಟಿಗೆ, ಸೊಂಟದಲ್ಲಿ ದುಡ್ಡಿನ ಚೀಲ. ಇನ್ನೊಂದು ಸೈಕಲ್ಲು, ಒಬ್ಬ ಸಂಬಳದಾಳು ಇಡಬೇಕೆಂದು ಸಾಲಕ್ಕೆ ಅರ್ಜಿ ಹಾಕಿದ್ದಾರೆ. ಅರ್ಜಿಯಲ್ಲಿ 'ದಿನದ ಲಾಭ' ಎಂಬಲ್ಲಿ ಎಂಟು ಸಾವಿರ ಎಂದು ಬರೆದಿದ್ದಾರೆ. ಟೈಪಕ್ಕ ಅದರ ಮೇಲೆ ಸ್ಕೇಲು ಇಟ್ಟರು.

"ಸಂಜೆ ಚೀಲದಲ್ಲಿ ಎಂಟು ಸಾವಿರ ಇರುತ್ತೆ. ಬ್ರೆಡ್ಡು ಎಷ್ಟಕ್ಕೆ ತಂದಿದ್ರಿ?"

"ಏಳು ಸಾವಿರದ ಇನ್ನೂರು."

"ಮಾರಾಟ ಆಗದೆ ಉಳಿದು ಬಿಸಾಕಿದ್ದು ಅದರಲ್ಲೇ ಬಂತಾ? ಸೈಕಲ್ ರಿಪೇರಿ? ಜಾಗಕ್ಕೆ ಕೊಡೋದು?"

ಬ್ರೆಡ್ಡಿನವರು ಬೆರಳು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಕೊನೆಗೆ ನಾನೂರರ ಹತ್ತಿರ ಬಂದು ನಿಂತರು. ಮುಖ ನೋಡಲಾಗಲಿಲ್ಲ ನನಗೆ. ಹನ್ನೆರಡು ವರ್ಷದಿಂದ ಎಂಟು ಸಾವಿರದ ಮನುಷ್ಯ ಆಗಿದ್ದವರು ಎರಡು ನಿಮಿಷದಲ್ಲಿ ನಾನೂರರ ಮನುಷ್ಯ ಆಗಿಹೋದರು.

"ಎಂಟು ಸಾವಿರ ವಹಿವಾಟು. ನಾನೂರು ಲಾಭ. ಈಗ ತಿರುಗಿಸಿ ಹೇಳಿ," ಎಂದರು ಟೈಪಕ್ಕ.

ಬ್ರೆಡ್ಡಿನವರು ಸೈಕಲ್ಲಿನ ಪೆಟ್ಟಿಗೆಯನ್ನು ನೋಡಿ ಹೇಳಿದರು. "ನಾನು ದಿನಾ ಇಪ್ಪತ್ತು ಪೌಂಡು ಬ್ರೆಡ್ಡು ಹೊರ್ತೀನಿ ಅಂದ್ಕೊಳ್ಳಿ. ಹೊರೋದು ಇಪ್ಪತ್ತು. ತಿನ್ನಕ್ಕೆ ಸಿಗೋದು ಒಂದು."

ಟೈಪಕ್ಕ ಡಬ್ಬಿಯಿಂದ ಪೆನ್ನು ತೆಗೆದು ಕೊಟ್ಟರು. ಶಹಭಾಸ್ ಅನ್ನಲಿಲ್ಲ. ಅವರು ಯಾರಿಗೂ ಶಹಭಾಸ್ ಅನ್ನುವುದಿಲ್ಲವಂತೆ. ಬ್ರೆಡ್ಡಿನವರು ಒಂದು ಕಪ್ ಟೀಯ ದುಡ್ಡು ಮೇಜಿನ ಮೇಲಿಟ್ಟು, ಅರ್ಜಿಯನ್ನು ಜೇಬಿಗೆ ತುರುಕಿ, ಸೈಕಲ್ ತಳ್ಳಿಕೊಂಡೇ ಹೋದರು. ಅದನ್ನು ಹತ್ತಿದ್ದು ನನಗೆ ಕಾಣಲಿಲ್ಲ.

ಒಂದು ಕಪ್ ಟೀ, ಅದೇ ಶುಲ್ಕ. ಟೀ ಬೆಲೆ ಏರಿದರೆ ಇದೂ ಏರುತ್ತದೆ. ದಿನಕ್ಕೆ ಹನ್ನೊಂದು ಜನ ಬರುತ್ತಾರೆ, ಸೋಮವಾರ ಹದಿನೈದು. ಬೆಳಿಗ್ಗೆ ಐದೂ ನಲವತ್ತರಿಂದ ಒಂಬತ್ತೂವರೆ. ಒಂಬತ್ತು ವರ್ಷದಿಂದ ಹೀಗೇ. ನಾನು ಮನಸ್ಸಿನಲ್ಲೇ ಗುಣಿಸಿ, "ಹಾಗಾದ್ರೆ ಮೂರು ಸಾವಿರ ಜನ ಆಗಿರಬಹುದು," ಎಂದೆ.

"ಒಂದು ಸೊನ್ನೆ ಎಲ್ಲೋ ಬೀಳಿಸ್ಕೊಂಡ್ರಿ," ಎಂದರು ಟೈಪಕ್ಕ. "ಮೂವತ್ತು ಸಾವಿರದ ಹತ್ರ. ಪೇಪರಿನವರೇ, ನೀವು ಯಾವುದಕ್ಕಾದ್ರೂ ಸಾಲ ಮಾಡಿದೀರಾ?"

ಮಾಡಿದ್ದೇನೆ. ಮನೆಗೆ. ಎಷ್ಟು ಬಡ್ಡಿ ಎಂದು ಕೇಳಿದರು. ಅಂದಾಜಿನಲ್ಲಿ ಒಂದು ಅಂಕಿ ಹೇಳಿದೆ. ಅದು ಮೂರು ವರ್ಷದ ಹಿಂದಿನ ಅಂಕಿಯಂತೆ, ಈಗ ಎಲ್ಲ ಕಡೆ ಏರಿದೆಯಂತೆ. ಬಡ್ಡಿ ಏರಿದರೂ ಕಂತು ಅಷ್ಟೇ ಇದೆ ಅಂದರೆ ವರ್ಷಗಳು ಹೆಚ್ಚಾಗಿರುತ್ತವೆ, ಹೋಗಿ ನೋಡಿ ಎಂದರು. ನೋಡಿದೆ. ಹದಿನೈದು ವರ್ಷದ ಸಾಲ ಹತ್ತೊಂಬತ್ತಾಗಿ ಕೂತಿದೆ. ಲೇಖನ ಬರೆಯಲು ಹೋದವನಿಗೆ ಮನೆಗೆ ಬಂದು ಊಟ ಸೇರಲಿಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ. ಭಾನುವಾರದ ಪುರವಣಿ ಓದಿ ತಿಳಿದುಕೊಳ್ಳುತ್ತಾಳೆ.

ಆರೂವರೆಗೆ ದರ್ಜಿ. ಅವರ ಕಾಗದದಲ್ಲಿ 'ಫ್ಲಾಟ್ ಬಡ್ಡಿ' ಎಂದಿದೆ. ಕೇಳಲು ಹಗುರವಾಗಿದೆ, ನೂರಕ್ಕೆ ಹತ್ತೇ. ಟೈಪಕ್ಕ ರಫ್ ಪುಸ್ತಕದಲ್ಲಿ ಹನ್ನೆರಡು ಗೀಟು ಎಳೆದರು. ಹನ್ನೆರಡು ಸಾವಿರದ ಸಾಲ, ತಿಂಗಳಿಗೊಂದು ಸಾವಿರ ಅಸಲು ತೀರುತ್ತಾ ಹೋಗುತ್ತದೆ. ಆದರೆ ಕೊನೆಯ ತಿಂಗಳೂ ಬಡ್ಡಿ ಬೀಳುವುದು ಪೂರ್ತಿ ಹನ್ನೆರಡು ಸಾವಿರಕ್ಕೇ. ದರ್ಜಿ ಚುರುಕು. ತಕ್ಷಣ ತಿರುಗಿಸಿ ಹೇಳಿದರು. "ಹನ್ನೆರಡು ಹೊಲಿಗೆ ಮಿಷನ್ನು ಬಾಡಿಗೆಗೆ ತಂದು, ತಿಂಗಳಿಗೊಂದು ವಾಪಸ್ ಕೊಡ್ತಾ ಬಂದ್ರೂ, ಕೊನೇ ತಿಂಗಳು ಹನ್ನೆರಡರ ಬಾಡಿಗೇನೂ ಕೊಟ್ಟ ಹಾಗೆ. ಮನೇಲಿ ಇರೋದು ಒಂದೇ ಮಿಷನ್ನು."

"ಇದನ್ನ ಬರ್ಕೊಳ್ತೀನಿ," ಎಂದು ಟೈಪಕ್ಕ ಬರೆದುಕೊಂಡರು. ಅಂಥ ಮಾತುಗಳದೇ ಏಳು ಪುಸ್ತಕ ಆಗಿವೆ. ಸವಕಳಿ ಎಂಬ ಪದಕ್ಕೆ ಚಾಕು ಸಾಣೆ ಹಿಡಿಯುವವರು ಹೇಳಿದ ಅರ್ಥವನ್ನು ನನಗೆ ಓದಿ ತೋರಿಸಿದರು. "ಪ್ರತಿ ಚಾಕು ಹರಿತ ಆದಾಗ್ಲೂ ನನ್ನ ಕಲ್ಲು ಕೂದಲೆಳೆಯಷ್ಟು ಸಣ್ಣ ಆಗುತ್ತೆ. ಆ ಕೂದಲೆಳೆ ದುಡ್ಡನ್ನ ಇವತ್ತೇ ತೆಗೆದಿಡ್ಲಿಲ್ಲ ಅಂದ್ರೆ ಮುಂದೆ ಕಲ್ಲೂ ಇಲ್ಲ, ದುಡ್ಡೂ ಇಲ್ಲ." ಕಾಲೇಜಿನಲ್ಲಿ ಎರಡು ವರ್ಷ ವಾಣಿಜ್ಯ ಓದಿದ ನನಗೆ ಸವಕಳಿ ಅರ್ಥವಾದದ್ದು ಅವತ್ತು.

ಈ ಹೆಂಗಸು ಇಲ್ಲಿಗೆ ಹೇಗೆ ಬಂದರು ಎಂಬುದನ್ನು ಬರೆಯುವುದು ನನಗೆ ಅಷ್ಟು ಸಲೀಸಲ್ಲ. ಆದರೂ ಬರೆಯಿರಿ ಎಂದು ಅವರೇ ಹೇಳಿದ್ದಾರೆ.

ಟೈಪಕ್ಕ ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಂದು ಸಾಲದ ಸಂಸ್ಥೆಯಲ್ಲಿ ಟೈಪಿಸ್ಟ್ ಆಗಿ ಸೇರಿದರು. ದಿನವಿಡೀ ಕರಾರು ಪತ್ರ, ಜಾಮೀನು ಪತ್ರ. ನಿಮಿಷಕ್ಕೆ ಅರವತ್ತು ಪದ. ತಪ್ಪಿಲ್ಲದ ಟೈಪಿಂಗ್ ಎಂದರೆ ಅವರದು ಎಂದು ಆಫೀಸಿನಲ್ಲಿ ಹೆಸರು. ಜಾಮೀನು ಪತ್ರದ ಮೂರನೇ ಪುಟದಲ್ಲಿ ಒಂದು ವಾಕ್ಯ ಇರುತ್ತಿತ್ತು: ಸಾಲಗಾರನು ಕಟ್ಟದಿದ್ದಲ್ಲಿ, ಮೊದಲು ಅವನನ್ನು ಕೇಳಬೇಕೆಂಬ ಕಟ್ಟುಪಾಡಿಲ್ಲದೆ, ಪೂರ್ತಿ ಬಾಕಿಯನ್ನು ಜಾಮೀನುದಾರನಿಂದಲೇ ವಸೂಲು ಮಾಡತಕ್ಕದ್ದು. ಇಪ್ಪತ್ತು ವರ್ಷದಲ್ಲಿ ಈ ವಾಕ್ಯವನ್ನು ಹತ್ತು ಸಾವಿರ ಸಲವಾದರೂ ಟೈಪ್ ಮಾಡಿರಬೇಕು.

"ಟೈಪಿಸ್ಟು ಅಕ್ಷರ ಓದ್ತಾಳೆ, ಅರ್ಥ ಓದಲ್ಲ," ಎನ್ನುತ್ತಾರೆ. "ಅರ್ಥ ಓದ್ತಾ ಕೂತ್ರೆ ಬೆರಳು ನಿಧಾನ ಆಗುತ್ತೆ. ನಮಗೆ ಕಲಿಸಿದ್ದೇ ಹಾಗೆ. ಕಣ್ಣಿಂದ ಬೆರಳಿಗೆ ಹೋಗ್ಬೇಕು, ಮಧ್ಯೆ ತಲೆಗೆ ಹೋಗ್ಬಾರ್ದು."

ಟೈಪಕ್ಕನಿಗೆ ನಲವತ್ತೊಂದು ವರ್ಷವಾದಾಗ ಅವರ ಅಣ್ಣ ಪೀಠೋಪಕರಣದ ಕಾರ್ಖಾನೆ ದೊಡ್ಡದು ಮಾಡಲು ಅದೇ ಸಂಸ್ಥೆಯಲ್ಲಿ ಸಾಲಕ್ಕೆ ಬಂದರು. ಜಾಮೀನು ತಂಗಿಯದು. ಪತ್ರ ಟೈಪ್ ಮಾಡಿದ್ದೂ ತಂಗಿಯೇ. ಟೈಪ್ ಮಾಡಿ, ಹಾಳೆ ತೆಗೆದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎರಡು ಸಲ ತಿದ್ದಿ ನೋಡಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಖುಷಿಯಿಂದ ಕೆಳಗೆ ತಮ್ಮ ಸಹಿ ಹಾಕಿದರು.

"ಜಾಮೀನು ಅಂದ್ರೆ ಅಣ್ಣ ಒಳ್ಳೆಯವನು ಅಂತ ನಾನು ಹೇಳೋದು ಅಂದ್ಕೊಂಡಿದ್ದೆ. ಅವನು ಒಳ್ಳೆಯವನೇ ಆಗಿದ್ದ, ಸುಳ್ಳೇನಲ್ಲ."

ಅಣ್ಣ ಒಳ್ಳೆಯವರು ಮಾತ್ರವಲ್ಲ, ಕೆಲಸಗಾರರೂ ಹೌದು. ಕಾರ್ಖಾನೆಗೆ ಕೈತುಂಬ ಆರ್ಡರು. ಆದರೆ ಮರದವರಿಗೆ ಹದಿನೈದು ದಿನದಲ್ಲಿ ದುಡ್ಡು ಕೊಡಬೇಕು, ಮೇಜು ಕುರ್ಚಿ ಕೊಂಡ ದೊಡ್ಡ ಗಿರಾಕಿ ಕೊಡುವುದು ನಾಲ್ಕು ತಿಂಗಳಿಗೆ. ಎಷ್ಟು ಹೆಚ್ಚು ಮಾರಿದರೋ ಅಷ್ಟು ಹೆಚ್ಚು ಸಿಕ್ಕಿಹಾಕಿಕೊಂಡರು. ಎರಡನೇ ವರ್ಷ ಬಾಗಿಲು ಹಾಕಿದ ತಿಂಗಳೂ ಪುಸ್ತಕದಲ್ಲಿ ಲಾಭವೇ ಇತ್ತಂತೆ.

"ಲಾಭ ಇತ್ತು, ದುಡ್ಡು ಇರ್ಲಿಲ್ಲ. ಎರಡೂ ಒಂದೇ ಅಲ್ಲ ಅಂತ ನಮ್ಮಿಬ್ಬರಿಗೂ ಯಾರೂ ಹೇಳಿರ್ಲಿಲ್ಲ. ಇದಕ್ಕೆ ನಗದು ಹರಿವು ಅಂತ ಪದ ಇದೆ. ಆ ಪದಾನೂ ನಾನು ಟೈಪ್ ಮಾಡಿದ್ದೆ."

ಬಾಗಿಲು ಹಾಕಿದ ಏಳನೇ ತಿಂಗಳು ಅಣ್ಣ ಹೃದಯಾಘಾತದಿಂದ ತೀರಿಕೊಂಡರು. ಸಾಲ ತೀರಲಿಲ್ಲ. ಆಫೀಸಿನವರು ದೂರ ಹೋಗಬೇಕಾಗಲಿಲ್ಲ. ಜಾಮೀನುದಾರಳು ಅದೇ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದಳು. ವಸೂಲಿ ನೋಟಿಸನ್ನು ಟೈಪ್ ಮಾಡಲು ಇವರಿಗೇ ಕೊಟ್ಟರು. ಬೇರೆಯವರಿಗೆ ಕೊಡಬಹುದಿತ್ತು, ಕೊಡಲಿಲ್ಲ. ತಮ್ಮ ಹೆಸರಿಗೆ ಬಂದ ನೋಟಿಸನ್ನು ತಾವೇ ಟೈಪ್ ಮಾಡಿ, ತಿದ್ದಿ, ಲಕೋಟೆಗೆ ಹಾಕಿದರು. ಇದನ್ನು ಹೇಳುವಾಗ ಟೈಪಕ್ಕ ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ತಾಯಿ ಬಿಟ್ಟುಹೋಗಿದ್ದ ಎರಡು ಕೋಣೆಯ ಮನೆ ಮಾರಿದರು. ಅದೂ ಸಾಲದೆ ಹನ್ನೊಂದು ವರ್ಷ ಸಂಬಳದ ಅರ್ಧ ಹೋಯಿತು. ಐವತ್ತನಾಲ್ಕನೇ ವಯಸ್ಸಿಗೆ ಕೊನೆಯ ಕಂತು ಕಟ್ಟಿ, ಅವತ್ತೇ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮುಂದಿನ ವಾರ ಬೇರೆ ಆಫೀಸಿನ ಈ ಮೆಟ್ಟಿಲ ಕೆಳಗೆ ಮೇಜು ಹಾಕಿದರು.

ಎಂಟು ಗಂಟೆಗೆ ಫ್ಲಾಸ್ಕು ಹಿಡಿದು ಇನ್ನೊಬ್ಬ ಹೆಂಗಸು ಬರುತ್ತಾರೆ. ಟೈಪಕ್ಕನ ಅತ್ತಿಗೆ, ತೀರಿಕೊಂಡ ಅಣ್ಣನ ಹೆಂಡತಿ. ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದಾರೆ. ಎರಡು ಮಂಚ, ಮಧ್ಯೆ ಒಂದು ಸ್ಟೂಲು. ಅತ್ತಿಗೆ ಸಿದ್ಧ ಉಡುಪಿನ ಅಂಗಡಿಗೆ ಗುಂಡಿ ಹೊಲಿದು ಕೊಡುತ್ತಾರೆ. ಮೇಜಿನ ಕಾಲಿನ ರಟ್ಟು ಬದಲಾಯಿಸುವುದು, ಟೀ ತರುವುದು ಅವರ ಕೆಲಸ.

"ಪಾಠ ಮುಗೀತಾ ಮೇಡಮ್ಮು? ಟೀ ಆರಿದ್ರೆ ನನ್ನ ಬೈಬೇಡಿ," ಎಂದು ನಾದಿನಿಯನ್ನು ಛೇಡಿಸುತ್ತಾರೆ. ಟೈಪಕ್ಕ ಬರೆಯುತ್ತಲೇ ಕೈ ಚಾಚುತ್ತಾರೆ.

ಹೊರಗೆ ಬೀದಿಯಲ್ಲಿ ಅತ್ತಿಗೆ ನನ್ನೊಂದಿಗೆ ಒಂದೇ ಮಾತು ಆಡಿದರು. "ಇಪ್ಪತ್ತು ವರ್ಷ ಆಯ್ತು. ನನ್ನ ಗಂಡನ್ನ ಅವಳು ಒಂದು ದಿನಾನೂ ಬೈದಿಲ್ಲ. ಬೈದಿದ್ರೆ ಚೆನ್ನಾಗಿತ್ತು. ನನಗೂ ಸ್ವಲ್ಪ ಹಗುರ ಆಗ್ತಿತ್ತು."

ಟೈಪಕ್ಕ ಅರ್ಥ ಹೇಳುತ್ತಾರೆ, ಆದರೆ ಸಹಿ ಹಾಕಿ ಎಂದಾಗಲಿ ಬೇಡ ಎಂದಾಗಲಿ ಹೇಳುವುದಿಲ್ಲ. ಇದು ಅವರ ವ್ರತ ಎಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ ಕಾರಣ ಇದೆ. ಇಲ್ಲಿ ಮೇಜು ಹಾಕಿದ ಎರಡನೇ ವರ್ಷದಲ್ಲಿ ಛತ್ರಿ ರಿಪೇರಿಯವರೊಬ್ಬರಿಗೆ ತಡೆಯಲಾರದೆ 'ಈ ಸಾಲ ಬೇಡ' ಎಂದುಬಿಟ್ಟರು. ಅವರು ಮಾತು ಕೇಳಿದರು. ಆದರೆ ದುಡ್ಡಿನ ಅಗತ್ಯ ಮಾತು ಕೇಳಲಿಲ್ಲ. ಬೀದಿಯ ಬಡ್ಡಿಯವನ ಹತ್ತಿರ ತಿಂಗಳಿಗೆ ನೂರಕ್ಕೆ ಹತ್ತರಂತೆ ತಂದರು. ಒಂದೂವರೆ ವರ್ಷಕ್ಕೆ ಮನೆಯವರನ್ನು ಕರೆದುಕೊಂಡು ಊರೇ ಬಿಟ್ಟರು. ಅವರು ಕೂರುತ್ತಿದ್ದ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

"ಅರ್ಥ ಗೊತ್ತಿದ್ರೆ ಸಾಕು, ಬುದ್ಧಿ ಅವರವರದ್ದು," ಎಂದರು ಟೈಪಕ್ಕ. ಹೇಳಿದ್ದು ಗಟ್ಟಿಯಾಗಿಯೇ, ಆದರೆ ಬೆರಳುಗಳು ಮೇಜಿನ ಮೇಲೆ ಜೋರಾಗಿ ಓಡುತ್ತಿದ್ದವು.

ಒಂಬತ್ತು ಗಂಟೆ. ಎಲ್ಲರೂ ಹೋಗಿದ್ದಾರೆ. ಇಸ್ತ್ರಿಯಮ್ಮ ಮೇಜಿನ ಎದುರಿನ ಸ್ಟೂಲಿನ ಮೇಲೆ ಬಂದು ಕೂರುತ್ತಾರೆ. ಮೂರನೇ ಪುಟ ತೆರೆಯುತ್ತದೆ. ಬೇರೆ ಸಂಸ್ಥೆ, ಬೇರೆ ಕಾಗದ, ಅಚ್ಚು ಇನ್ನೂ ಸಣ್ಣದು. ವಾಕ್ಯ ಮಾತ್ರ ಅದೇ. ಟೈಪಕ್ಕ ಭೂತಗನ್ನಡಿ ಕೊಟ್ಟು ಆಕೆಯಿಂದಲೇ ಓದಿಸುತ್ತಾರೆ. ಇಸ್ತ್ರಿಯಮ್ಮ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಐದು ನಿಮಿಷ.

"ಈಗ ತಿರುಗಿಸಿ ಹೇಳಮ್ಮ."

ಇಸ್ತ್ರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಪಕ್ಕದ ಗಲ್ಲೀಲಿ ಒಬ್ಬ ಹೊಸದಾಗಿ ಇಸ್ತ್ರಿ ಅಂಗಡಿ ಹಾಕ್ತಾನೆ. ಗಿರಾಕಿ ನಂಬಲ್ಲ. ನಾನು ಹೋಗಿ, ಕೊಡಿ, ನಾನಿದೀನಲ್ಲ ಅಂತೀನಿ. ಅವನು ಬಟ್ಟೆ ಸುಟ್ಟುಹಾಕ್ತಾನೆ. ಗಿರಾಕಿ ಅವನ ಮನೆ ಬಾಗಿಲು ತಟ್ಟಬೇಕಂತೇನಿಲ್ಲ. ಸೀದಾ ನನ್ನ ಹತ್ರ ಬರಬಹುದು. ಅರ್ಧ ಅಲ್ಲ, ಪೂರ್ತಿ ಕೇಳಬಹುದು. ನನ್ನ ಹತ್ರ ದುಡ್ಡಿಲ್ಲ ಅಂದ್ರೆ ನನ್ನ ಇಸ್ತ್ರಿ ಪೆಟ್ಟಿಗೆ, ನನ್ನ ಮೇಜು, ನನ್ನ ಮನೆ." ಅಲ್ಲಿಗೆ ನಿಂತರು. "ಬಟ್ಟೆ ಸುಟ್ಟಿದ್ದು ನಾನಲ್ಲ ಅಂತ ಹೇಳೋ ಹಾಗಿಲ್ಲ. ಅಲ್ವಾ?"

"ಹೇಳೋ ಹಾಗಿಲ್ಲ."

ಟೈಪಕ್ಕ ಡಬ್ಬಿಗೆ ಕೈ ಹಾಕಿದರು. ಪೆನ್ನು ಸಿಕ್ಕಿತು. ಕೊಡಲು ಮಾತ್ರ ಕೈ ಏಳಲಿಲ್ಲ. "ಇನ್ನೊಂದು ಪದ ಇದೆ," ಎಂದರು. "ಮಿತಿ ಜಾಮೀನು. ಆರು ಲಕ್ಷಕ್ಕೂ ನಾನು ಹೊಣೆ ಅಲ್ಲ, ಇಷ್ಟರವರೆಗೆ ಮಾತ್ರ ಅಂತ ಬರೆಸೋದು. ಕೇಳಬಹುದು. ಇದು ಬುದ್ಧಿಮಾತಲ್ಲ, ಇದೂ ಒಂದು ಪದ, ಅರ್ಥ ಹೇಳಿದೆ ಅಷ್ಟೆ."

ಇಸ್ತ್ರಿಯಮ್ಮ ಅವರನ್ನೇ ನೋಡುತ್ತಿದ್ದರು. "ನೀವಾಗಿದ್ರೆ ಹಾಕ್ತಿದ್ರಾ ಅಕ್ಕ?"

"ನಾನು ಹಾಕಿದ್ದೆ."

"ಗೊತ್ತು. ಬೀದಿಗೆಲ್ಲ ಗೊತ್ತು. ಆಗ ಅರ್ಥ ಗೊತ್ತಿರ್ಲಿಲ್ಲ ನಿಮಗೆ. ಈಗ ಗೊತ್ತಿದ್ದೂ ಹಾಕ್ತಿದ್ರಾ?"

ಮೇಲೆ ಯಾರೋ ಆಫೀಸಿನ ಶಟರ್ ಎತ್ತಿದ ಸದ್ದು. ಟೈಪಕ್ಕನ ಬೆರಳು ನಿಂತಿತ್ತು. ನಾನು ನೋಡಿದ ಹಾಗೆ ಅವತ್ತು ಮೊದಲ ಸಲ.

"ಅಣ್ಣ ಮುಂದೆ ನಿಂತು ಕೇಳಿದ್ರೆ... ಹಾಕ್ತಿದ್ದೆ ಅನ್ಸುತ್ತಮ್ಮ. ಅದಕ್ಕೇ ನಾನು ಯಾರಿಗೂ ಬುದ್ಧಿ ಹೇಳಲ್ಲ," ಎಂದು ಪೆನ್ನು ಕೊಟ್ಟರು.

ಹತ್ತಕ್ಕೆ ಐದು ನಿಮಿಷ ಇರುವಾಗ ಅಳಿಯ ಬಂದರು. ಮೂವತ್ತರ ಆಸುಪಾಸಿನ ಗಂಡಸು, ಇಸ್ತ್ರಿಯ ಗೆರೆ ಮುರಿಯದ ಅಂಗಿ. ಅದು ಯಾರ ಕೈಯ ಗೆರೆ ಎಂದು ಬೇರೆ ಹೇಳಬೇಕಿಲ್ಲ. "ಬನ್ನಿ ಅತ್ತೆ, ಐದು ನಿಮಿಷದ ಕೆಲಸ," ಎಂದರು. ಇಬ್ಬರೂ ಮೆಟ್ಟಿಲು ಹತ್ತಿದರು. ಟೈಪಕ್ಕ ಒಂಬತ್ತೂವರೆಗೇ ಮಡಚಬೇಕಾಗಿದ್ದ ಮೇಜನ್ನು ಮಡಚಲಿಲ್ಲ. ಅತ್ತಿಗೆ ಗುಂಡಿಯ ಕೆಲಸಕ್ಕೆ ಹೋಗಲಿಲ್ಲ. ನಾನೂ ಇನ್ನೊಂದು ಸಂದರ್ಶನಕ್ಕೆ ಹೋಗಲಿಲ್ಲ.

ಹತ್ತೂಕಾಲು. ಹತ್ತೂವರೆ. ಐದು ನಿಮಿಷದ ಕೆಲಸಕ್ಕೆ ಇಷ್ಟು ಹೊತ್ತು ಯಾಕೆ ಎಂದು ನಾನು ಗೊಣಗಿದೆ. ಹನ್ನೊಂದಕ್ಕೆ ನಾನೇ ಮೇಲೆ ಹೋಗಿ ಇಣುಕಿದೆ. ಆಫೀಸಿನಲ್ಲಿ ಒಂದು ಕೆಲಸವೂ ನಡೆಯುತ್ತಿರಲಿಲ್ಲ. ಇಸ್ತ್ರಿಯಮ್ಮ ಅಧಿಕಾರಿಯ ಮುಂದಿನ ಕುರ್ಚಿಯಲ್ಲಿ ಕೂತಿದ್ದಾರೆ. ನೀಲಿ ಪೆನ್ನು ಅವರ ಮುಷ್ಟಿಯಲ್ಲಿದೆ. ದಾರ ಕಟ್ಟಿದ ಪೆನ್ನನ್ನೂ ಇನ್ನೊಂದು ಕೈಯಲ್ಲಿ ಅದುಮಿ ಹಿಡಿದಿದ್ದಾರೆ. ಅಳಿಯ ಪಕ್ಕದಲ್ಲಿ ನಿಂತು, ಮೂರನೇ ಪುಟ ಹಿಡಿದು ಬೆವರುತ್ತಿದ್ದಾರೆ.

"ನಿನ್ನ ವ್ಯಾನಿನ ಮಾತಲ್ಲಿ ಹೇಳಪ್ಪ," ಎನ್ನುತ್ತಿದ್ದಾರೆ ಅತ್ತೆ. "ಕಾಗದದಲ್ಲಿ ಇರೋದನ್ನೇ ಓದ್ಬೇಡ. ತಿರುಗಿಸಿ ಹೇಳು."

ಮಿತಿಯ ಮಾತನ್ನು ಮೊದಲೇ ಕೇಳಿದ್ದಾರೆ. ಅಧಿಕಾರಿ, ಈ ಫಾರ್ಮಿನಲ್ಲಿ ಅದಕ್ಕೆ ಜಾಗ ಇಲ್ಲ, ಫಾರ್ಮು ನಮ್ಮದಲ್ಲ, ಮೇಲಿನಿಂದ ಬಂದದ್ದು ಎಂದಿದ್ದಾರೆ. ಆಮೇಲೆ ಶುರುವಾದದ್ದು ಇದು. ಅಳಿಯ ಮೂರು ಸಲ ತಪ್ಪು ಹೇಳಿದರು. ಅತ್ತೆಯ ಸಹಿ ಸುಮ್ಮನೆ ಸಾಕ್ಷಿಗೆ ಎಂದೇ ಅವರೂ ತಿಳಿದಿದ್ದರು. ಪಾಪ, ಮೋಸಗಾರ ಅಲ್ಲ ಆತ. ನಾಲ್ಕನೇ ಸಲಕ್ಕೆ ಹೇಳಿದರು: "ನನ್ನ ವ್ಯಾನು ಕೆಟ್ಟು ನಿಂತ್ರೆ... ನಾನು ಕಂತು ಕಟ್ಟದೆ ಹೋದ್ರೆ... ಇವರು ವ್ಯಾನು ಬಿಟ್ಟು ನಿಮ್ಮ ಮನೆಗೇ ಬರಬಹುದು. ನೀವು ಹೊರಗೆ ಬರ್ಬೇಕಾಗುತ್ತೆ ಅತ್ತೆ." ಅಧಿಕಾರಿ ಕಂಪ್ಯೂಟರಿನ ಕಡೆ ತಿರುಗಿ ಕೂತರು.

"ಹಾಂ," ಎಂದರು ಇಸ್ತ್ರಿಯಮ್ಮ. ಮೊದಲು ನೀಲಿ ಪೆನ್ನನ್ನು ಅಳಿಯನಿಗೆ ಕೊಟ್ಟರು. ಆಮೇಲೆ ತಾವು ತೆಗೆದುಕೊಂಡು, ಹದಿಮೂರು ಪುಟಕ್ಕೂ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ಹೌದು, ಹಾಕಿದರು. ನಾನು ಬೇರೆ ಏನೋ ಆಗುತ್ತದೆ ಎಂದು ಕಾದಿದ್ದೆ.

ಕೆಳಗೆ ಬಂದು ಇಸ್ತ್ರಿಯಮ್ಮ ಟೀಯ ದುಡ್ಡನ್ನು ಮೇಜಿನ ಮೇಲಿಟ್ಟರು. ಮೂರು ದಿನದ್ದು, ಮೂರು ಕಪ್ಪು. "ಮಗಳು ಅಲ್ಲಿದಾಳಲ್ಲ ಅಕ್ಕ," ಎಂದರು, ಯಾರೂ ಕೇಳದಿದ್ದರೂ. "ಅವನಿಗೂ ತಿರುಗಿಸಿ ಹೇಳಿಸ್ದೆ." ಬಟ್ಟೆ ಕಾಯುತ್ತಿವೆ ಎಂದು ಹೊರಟುಹೋದರು. ಅಳಿಯ ಹತ್ತು ಹೆಜ್ಜೆ ಹಿಂದೆ, ತಲೆ ತಗ್ಗಿಸಿಕೊಂಡು.

ಟೈಪಕ್ಕ ಬಹಳ ಹೊತ್ತು ಆ ಕಡೆಯೇ ನೋಡುತ್ತಿದ್ದರು. "ನಾನು ಓದದೆ ಹಾಕ್ದೆ, ಆಯಮ್ಮ ಓದಿ ಹಾಕಿದ್ಲು. ಎರಡಕ್ಕೂ ಬಡ್ಡಿ ಒಂದೇ," ಎಂದರು. "ಆದ್ರೆ ಒಂದು ವಿಷಯ. ನಮ್ಮಣ್ಣನ್ನ ಯಾರೂ ತಿರುಗಿಸಿ ಹೇಳು ಅನ್ಲಿಲ್ಲ. ಪಕ್ಕದಲ್ಲೇ ಕೂತಿದ್ದೆ, ನಾನೂ ಅನ್ಲಿಲ್ಲ," ಎಂದರು. ಅತ್ತಿಗೆ ಮೇಜಿನ ಕೆಳಗೆ ಬಗ್ಗಿ ರಟ್ಟು ತೆಗೆದುಕೊಂಡರು.

ಹೊರಡುವಾಗ ನಾನು ಇಂಥ ಲೇಖನಗಳಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿದೆ. ನಿಮಗೆ ಏನಾದರೂ ಆಸೆ ಇದೆಯಾ? ಸನ್ಮಾನ, ಸ್ವಂತ ಕೋಣೆ, ಪಿಂಚಣಿ ಎಂದೇನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ.

ಟೈಪಕ್ಕ ಮೇಜು ಮಡಚಿ ಗೋಡೆಗೆ ಒರಗಿಸಿದರು. ಕೈಯ ಧೂಳು ಕೊಡವಿಕೊಂಡರು.

"ಆ ಮೂರನೇ ಪುಟದ ವಾಕ್ಯ ಮೊದಲನೇ ಪುಟಕ್ಕೆ ಬರ್ಬೇಕು. ದಪ್ಪ ಅಕ್ಷರದಲ್ಲಿ, ಎಲ್ಲಕ್ಕಿಂತ ಮೇಲೆ. ಯಾರಾದ್ರೂ ಒಪ್ಪಿದ್ರೆ ನಾನೇ ಟೈಪ್ ಮಾಡಿ ಕೊಡ್ತೀನಿ, ದುಡ್ಡು ಬೇಡ. ಅಕ್ಷರ ಒಂದೂ ತಪ್ಪಿರಲ್ಲ, ಅದಕ್ಕೆ ಜಾಮೀನು ನಂದು."